ಮರಗೆಲಸದ ಹಳೆಯ ಯಂತ್ರದ ವಿದ್ಯುತ್ ಮೋಟಾರು: ಅದರ ದೋಷಗಳನ್ನು ಕಂಡುಹಿಡಿಯುವ ಕ್ರಮ

ಕಳಸದ ಸೀಮೆಯ ಕಾಫಿ ಹಿಡುವಳಿದಾರರ ಮತ್ತು ಊರಿನ ಮುಖಂಡರ ಉಪಯೋಗಕ್ಕಾಗಿ

ಪೀಠಿಕೆ

ಕಳಸದ ಸೀಮೆಯಲ್ಲಿ ಮೃಗಶಿರೆಯ ಮಳೆ ಹಿಡಿದರೆ ಹಸ್ತದ ಮಳೆ ತೀರುವವರೆಗೆ ಗೋಡೆಯಾಗಲಿ ಮರವಾಗಲಿ ಕಬ್ಬಿಣವಾಗಲಿ ಪೂರ್ತಿಯಾಗಿ ಒಣಗುವುದೆಂಬುದಿಲ್ಲ. ಈ ನಾಲ್ಕು ತಿಂಗಳೂ ತೋಟದ ಮರಗೆಲಸದ ಕೊಟ್ಟಿಗೆಯಲ್ಲಿ ಚಕ್ರಗರಗಸವೂ ಮರ ಹೆರೆಯುವ ಯಂತ್ರವೂ ಸುಮ್ಮನೆ ನಿಂತಿರುತ್ತವೆ. ಮಳೆ ಬಿಟ್ಟೊಡನೆ ಕೆಲಸವೆಲ್ಲವೂ ಒಂದೇ ಸಲ ಮೇಲೆ ಬೀಳುತ್ತದೆ. ಕಾಫಿಯ ಕೊಯ್ಲಿಗೆ ಮುಂಚೆ ಗೋದಾಮಿನ ಬಾಗಿಲುಗಳು ಸರಿಯಾಗಬೇಕು. ಏಣಿ, ಗೇಟು, ಬೇಲಿಯ ಗೂಟಗಳು ಸಿದ್ಧವಾಗಬೇಕು. ಮಳೆಯಲ್ಲಿ ಕೊಳೆತ ಮಾಡಿನ ರೀಪುಗಳನ್ನು ಬದಲಾಯಿಸಬೇಕು. ಆಗ ಯಜಮಾನರು ಗರಗಸದ ಸ್ವಿಚ್ಚನ್ನು ಹಾಕಿಸುತ್ತಾರೆ. ಮೋಟಾರು ಗುಂಯ್ ಎಂದು ಶಬ್ದ ಮಾಡುತ್ತದೆ, ತಿರುಗುವುದಿಲ್ಲ. ಇನ್ನೊಮ್ಮೆ ಹಾಕುತ್ತಾರೆ. ಫ್ಯೂಸು ಹೋಗುತ್ತದೆ. ಅದರ ಸ್ಥಾನದಲ್ಲಿ ಸ್ವಲ್ಪ ದಪ್ಪನಾದ ತಂತಿಯನ್ನು ಕಟ್ಟಿ ಮತ್ತೆ ಹಾಕುತ್ತಾರೆ. ಕೊನೆಗೆ ಅರಗು ಸುಟ್ಟಂತಹ ವಾಸನೆ ಬರುತ್ತದೆ. ಮೋಟಾರು ಕೆಟ್ಟಿತೆಂದು ಅದನ್ನು ಜೀಪಿನ ಮೇಲೆ ಹೇರಿ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಕಳುಹಿಸುತ್ತಾರೆ.

ಈ ಸಂಗತಿಯಲ್ಲಿ ವಿಚಾರ ಮಾಡತಕ್ಕದ್ದು ಒಂದುಂಟು. ಮೊದಲನೆಯ ಸಲ ಸ್ವಿಚ್ಚು ಹಾಕಿದಾಗ ಆ ಮೋಟಾರು ಬಹುಶಃ ಕೆಟ್ಟಿರಲಿಲ್ಲ. ಕಂಬದಿಂದ ಬರುವ ಮೂರು ಫೇಸುಗಳಲ್ಲಿ ಒಂದು ಇಲ್ಲದೆ ಇದ್ದಿರಬಹುದು. ಗರಗಸದ ಬೇರಿಂಗು ತುಕ್ಕು ಹಿಡಿದು ಬಿಗಿದಿರಬಹುದು. ಸುರುಳಿಗಳು ಮಳೆಗಾಲದ ತೇವವನ್ನು ಹೀರಿಕೊಂಡಿರಬಹುದು. ಇವುಗಳಲ್ಲಿ ಯಾವುದಾಗಿದ್ದರೂ ಅಲ್ಪ ವೆಚ್ಚದಲ್ಲಿ ಸರಿಮಾಡಬಹುದಾಗಿತ್ತು. ಮೋಟಾರನ್ನು ಸುಟ್ಟದ್ದು ಎರಡನೆಯ ಮತ್ತು ಮೂರನೆಯ ಪ್ರಯತ್ನ. ಮೋಟಾರು ತಾನಾಗಿ ಸುಡುವುದು ಅಪರೂಪ. ಅದನ್ನು ಸುಡುವ ಕಾರಣವು ಸಾಮಾನ್ಯವಾಗಿ ಅದರ ಹೊರಗೇ ಇರುತ್ತದೆ. ಆದಕಾರಣ ದೋಷವನ್ನು ಹೊರಗಿನಿಂದ ಒಳಕ್ಕೆ, ಒಂದೊಂದಾಗಿ, ಕ್ರಮ ತಪ್ಪದೆ ಹುಡುಕತಕ್ಕದ್ದು.

ಗರಗಸವು ನಿಂತರೆ ಮರಗೆಲಸ ಒಂದು ವಾರ ತಡವಾದೀತು. ಆದರೆ ಇದೇ ಜಾತಿಯ ಮೋಟಾರೇ ಕಾಫಿಯ ಹಣ್ಣನ್ನು ಸುಲಿಯುವ ಪಲ್ಪರಿಗೂ ಇರುತ್ತದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕು. ರಾಶಿಯಲ್ಲಿ ಬಿಟ್ಟರೆ ಅದು ಹುಳಿತು ಬೀಜದ ಗುಣ ಕೆಡುತ್ತದೆ. ಗರಗಸದ ಮೋಟಾರಿನ ಮೇಲೆ ಕಲಿತ ಕ್ರಮವು ಕೊಯ್ಲಿನ ದಿನ ಪಲ್ಪರಿನ ಮೋಟಾರನ್ನು ಉಳಿಸುತ್ತದೆ.

ಹಳೆಯ ಯಂತ್ರಗಳ ವಿಷಯ

ಮೈಸೂರು ಸೀಮೆಯಲ್ಲಿ ವಿದ್ಯುಚ್ಛಕ್ತಿಯು ಮೊದಲು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ದೀಪಗಳು ಬಂದವು. ಆ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದ್ದಾಗಿತ್ತು. 1948ರಲ್ಲಿ ಕೆಲಸಕ್ಕೆ ತೊಡಗಿದ ಜೋಗದ ವಿದ್ಯುದಾಗಾರವು 50 ಆವರ್ತಗಳದ್ದು. ಈಗ ದೇಶದಲ್ಲೆಲ್ಲಾ 50 ಆವರ್ತವೇ ಇದೆ. ತೋಟಗಳಲ್ಲಿರುವ ಹಳೆಯ ಗರಗಸಗಳಲ್ಲಿ ಕೆಲವು ಮೊದಲು ಎಣ್ಣೆಯ ಎಂಜಿನ್ನಿನಿಂದ ನಡೆಯುತ್ತಿದ್ದು ಆಮೇಲೆ ಮೋಟಾರನ್ನು ಪಡೆದವು. ಕೆಲವನ್ನು ಬೇರೆ ಊರಿನ ಕಾರ್ಖಾನೆಗಳಿಂದ ಹಳೆಯ ಸಾಮಾನಾಗಿ ಕೊಂಡು ತಂದದ್ದೂ ಉಂಟು. ಇಂತಹ ಯಂತ್ರದಲ್ಲಿ ಮೋಟಾರೂ ಗರಗಸವೂ ಒಂದಕ್ಕೊಂದು ಹೊಂದುವಂತೆ ಮಾಡಿದವುಗಳೆಂದು ನಂಬಿಕೊಳ್ಳಕೂಡದು.

ಆದಕಾರಣ ಮೊಟ್ಟಮೊದಲು ಮೋಟಾರಿನ ಮೈಮೇಲಿರುವ ಹೆಸರಿನ ಫಲಕವನ್ನು ಒರಸಿ ಓದಿಸಿ, ಅದರಲ್ಲಿರುವ ಅಶ್ವಶಕ್ತಿ, ವೋಲ್ಟು, ಆಂಪಿಯರು, ಆವರ್ತ ಮತ್ತು ನಿಮಿಷದ ಸುತ್ತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು 415 ವೋಲ್ಟಿನಲ್ಲಿ ಪೂರ್ಣ ಹೊರೆ ಹೊತ್ತಾಗ ಸುಮಾರು ಏಳರಿಂದ ಎಂಟು ಆಂಪಿಯರು ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಹೊರಟು ವೇಗ ಹಿಡಿದರೆ ಈ ಹೆಚ್ಚಿನ ಕರೆಂಟು ಕೆಲವು ಸೆಕೆಂಡುಗಳಲ್ಲಿ ಇಳಿಯುತ್ತದೆ. ಹೊರಡಲಾರದೆ ನಿಂತರೆ ಇಳಿಯುವುದೇ ಇಲ್ಲ. ತಿರುಗದ ಮೋಟಾರು ಸುಡುವುದಕ್ಕೆ ಇದೇ ಕಾರಣ. ಗುಂಯ್ ಎಂಬ ಶಬ್ದ ಕೇಳಿ ಮೋಟಾರು ತಿರುಗದೆ ಹೋದರೆ ಎರಡು ಮೂರು ಎಣಿಸುವುದರೊಳಗಾಗಿ ಸ್ವಿಚ್ಚನ್ನು ತೆಗೆಯಬೇಕು, ಕಾರಣ ತಿಳಿಯದೆ ಎರಡನೆಯ ಸಲ ಹಾಕಕೂಡದು.

ಕೈಹಾಕುವ ಮೊದಲು

ಮೋಟಾರಿನ ಬಳಿಗೆ ಹೋಗುವ ಮುಂಚೆ ಮೈನ್ ಸ್ವಿಚ್ಚನ್ನು ತೆಗೆದು, ಫ್ಯೂಸಿನ ಹಿಡಿಗಳನ್ನು ಕಳಚಿ, ಅವನ್ನು ಕೆಲಸ ಮಾಡುವವನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಸ್ವಿಚ್ಚನ್ನು ತೆಗೆದಿದೆ ಎಂಬ ಮಾತು ಸಾಲದು; ಕೊಟ್ಟಿಗೆಯಲ್ಲಿ ಇನ್ನೊಬ್ಬನು ಬಂದು ಹಾಕಿದರೆ ಪ್ರಾಣವೇ ಹೋದೀತು. ಫ್ಯೂಸು ಕಳಚಿದ ಮೇಲೂ ತಂತಿಯಲ್ಲಿ ವಿದ್ಯುತ್ತಿಲ್ಲವೆಂಬುದನ್ನು ಪರೀಕ್ಷಾ ದೀಪದಿಂದ ನೋಡಿಕೊಳ್ಳಬೇಕು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಯಾವ ಪರೀಕ್ಷೆಯನ್ನೂ ಮಾಡಕೂಡದು. ಒಣಗಿದ ಹಲಗೆಯ ಮೇಲೆ ನಿಲ್ಲಬೇಕು. ಮೋಟಾರಿನ ಮೈಗೆ ದಪ್ಪನಾದ ಅರ್ತ್ ತಂತಿಯು ಬಿಗಿಯಾಗಿ ಸೇರಿದೆಯೇ ಎಂದು ಮೊದಲು ನೋಡಬೇಕು. ಅರ್ತ್ ಇಲ್ಲದ ಮೋಟಾರಿನ ಸುರುಳಿಯಲ್ಲಿ ತೇವ ಸೇರಿದರೆ ಗರಗಸದ ಕಬ್ಬಿಣದ ಮೇಜಿಗೂ ವಿದ್ಯುತ್ತು ಹರಿದುಬರುವುದುಂಟು. ಭೂಮಿಗೆ ಸೋರುವ ಕರೆಂಟನ್ನು ಕಂಡು ತಾನಾಗಿ ಕಡಿದುಹಾಕುವ ಉಪಕರಣವು ಈಗ ಅಂಗಡಿಗಳಲ್ಲಿ ದೊರೆಯುತ್ತದೆ. ಮಲೆನಾಡಿನ ಕೊಟ್ಟಿಗೆಗಳಲ್ಲಿ ಅದನ್ನು ಹಾಕಿಸುವುದು ಬಹಳ ಮೇಲು. ಆದರೆ ಅದಿದ್ದ ಮಾತ್ರಕ್ಕೆ ಅರ್ತನ್ನು ಬಿಡಕೂಡದು.

ವಿದ್ಯುತ್ತು ಇರುವಾಗ ಮಾಡಬೇಕಾದ ಪರೀಕ್ಷೆಗಳನ್ನು ಲೈಸೆನ್ಸು ಪಡೆದ ವೈರ್‌ಮನ್ನನಿಂದ ಮಾಡಿಸಬೇಕು. ಮೀಟರಿನ ಆಚೆಯ ಮತ್ತು ಕಂಬದ ಮೇಲಿನ ಕೆಲಸವು ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯ ಲೈನ್‌ಮನ್ನರದು. ತೋಟದ ಆಳುಗಳನ್ನು ಎಷ್ಟೇ ಅವಸರವಿದ್ದರೂ ಕಂಬಕ್ಕೆ ಹತ್ತಿಸಕೂಡದು.

ಯಾರಿಗಾದರೂ ಷಾಕ್ ತಗಲಿದರೆ ಅವರನ್ನು ಮುಟ್ಟದೆ ಮೊದಲು ಸ್ವಿಚ್ಚನ್ನು ತೆಗೆಯಬೇಕು. ಮನೆಯ ಅಥವಾ ಕೊಟ್ಟಿಗೆಯ ಸಾಮಾನ್ಯ ವಿದ್ಯುತ್ತಾಗಿದ್ದು ಸ್ವಿಚ್ಚು ದೂರವಿದ್ದರೆ, ಒಣ ನೆಲದ ಮೇಲೆ ನಿಂತು ಒಣಗಿದ ಮರದ ಕೋಲಿನಿಂದ ತಂತಿಯನ್ನು ಬಿಡಿಸಬೇಕು. ಕಂಬದ ಮೇಲಿನ ಹೈಟೆನ್ಷನ್ ತಂತಿಯಾದರೆ ಕೋಲಿನಿಂದಲೂ ಹತ್ತಿರ ಹೋಗಕೂಡದು. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡು ಅಂಗೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಾ, 108ಕ್ಕೆ ಫೋನು ಮಾಡಿಸಬೇಕು.

ಒಂದನೆಯ ಶೋಧನೆ: ವಿದ್ಯುತ್ತು ಸರಿಯಾಗಿ ಬರುತ್ತಿದೆಯೇ

ಮೂರು ಫೇಸಿನ ಮೋಟಾರಿಗೆ ಮೂರು ತಂತಿಗಳಲ್ಲಿಯೂ ಸಮನಾಗಿ ವಿದ್ಯುತ್ತು ಬರಬೇಕು. ಒಂದು ಇಲ್ಲದೆ ಹೋದರೆ ನಿಂತಿರುವ ಮೋಟಾರು ಹೊರಡಲಾರದೆ ಗುಂಯ್ಗುಡುತ್ತದೆ. ತಿರುಗುತ್ತಿರುವಾಗಲೇ ಒಂದು ಫೇಸು ಹೋದರೆ ಮೋಟಾರು ನಿಲ್ಲದೆ ತಿರುಗುತ್ತಲೇ ಇರಬಹುದು. ಆದರೆ ಉಳಿದ ಎರಡು ತಂತಿಗಳೇ ಹೊರೆಯನ್ನೆಲ್ಲಾ ಹೊರುವುದರಿಂದ ಅವುಗಳಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟು ಕರೆಂಟು ಹರಿದು ಸುರುಳಿ ಸುಡುತ್ತದೆ. ಕಳಸದ ಗುಡ್ಡಗಳಲ್ಲಿ ತಂತಿಯ ಮೇಲೆ ಮರ ಅಥವಾ ಕೊಂಬೆ ಬೀಳುವುದು ಮಳೆಗಾಲದಲ್ಲಿ ಸಾಧಾರಣವಾದ್ದರಿಂದ, ಈ ದೋಷವನ್ನೇ ಎಲ್ಲಕ್ಕಿಂತ ಮೊದಲು ಶಂಕಿಸತಕ್ಕದ್ದು.

ಪರೀಕ್ಷಿಸುವ ಬಗೆ: ಮೋಟಾರಿನ ಸ್ವಿಚ್ಚನ್ನು ತೆಗೆದಿಟ್ಟು, ವೈರ್‌ಮನ್ನನು ಒಂದು ತಂತಿ ದೀಪವನ್ನು ನ್ಯೂಟ್ರಲ್ಲಿಗೂ ಪ್ರತಿಯೊಂದು ಫೇಸಿಗೂ ನಡುವೆ ಕ್ರಮವಾಗಿ ಹಿಡಿಯಬೇಕು. ಈ ಕೆಲಸಕ್ಕೆ ಎಲ್‌ಇಡಿ ದೀಪವು ಬೇಡ. ಅದು ಅರ್ಧ ವೋಲ್ಟಿನಲ್ಲಿಯೂ ಚೆನ್ನಾಗಿ ಉರಿದು ಮೋಸ ಮಾಡುವುದುಂಟು. ಮೂರು ಕಡೆಯೂ ದೀಪವು ಒಂದೇ ಪ್ರಕಾಶದಿಂದ ಉರಿದರೆ ವಿದ್ಯುತ್ತು ಸರಿಯಾಗಿದೆ. ಒಂದು ಕಡೆ ಉರಿಯದಿದ್ದರೆ ಆ ಫೇಸಿನ ಫ್ಯೂಸನ್ನೂ ಬಿಗಿಗಳನ್ನೂ ನೋಡಬೇಕು. ಒಂದು ಕಡೆ ಪೂರ್ಣವಾಗಿಯೂ ಉಳಿದ ಎರಡು ಕಡೆ ಮಂಕಾಗಿಯೂ ಉರಿದರೆ ಟ್ರಾನ್ಸ್‌ಫಾರ್ಮರಿನ ಆಚೆ ಹೈಟೆನ್ಷನ್ ತಂತಿಗಳಲ್ಲೊಂದು ಹೋಗಿರುವ ಸಂಭವವುಂಟು. ಆಗ ಕೊಟ್ಟಿಗೆಯಲ್ಲಿ ಎಷ್ಟು ಹುಡುಕಿದರೂ ಫಲವಿಲ್ಲ. ಲೈನ್‌ಮನ್ನನಿಗೆ ತಿಳಿಸುವುದೊಂದೇ ದಾರಿ. ಮೋಟಾರು ತಿರುಗುತ್ತಿರುವಾಗ ಈ ಪರೀಕ್ಷೆಯನ್ನು ಮಾಡಿದರೆ ಇಲ್ಲದ ಫೇಸಿಗೂ ಮೋಟಾರಿನಿಂದಲೇ ವೋಲ್ಟು ಹಿಂದಿರುಗಿ ಬಂದು ದೀಪ ಉರಿದೀತು. ಆದಕಾರಣ ಮೋಟಾರನ್ನು ನಿಲ್ಲಿಸಿಯೇ ನೋಡಬೇಕು.

ಎರಡು ಫೇಸುಗಳಷ್ಟೇ ಇರುವ ಹೊತ್ತಿನಲ್ಲಿ ಕಂಡೆನ್ಸರನ್ನು ಕಟ್ಟಿ ಮೂರು ಫೇಸಿನ ಮೋಟಾರನ್ನು ಓಡಿಸುವ ವಾಡಿಕೆಯು ಕೆಲವು ಕಡೆ ನೀರೆತ್ತುವ ಪಂಪುಗಳಲ್ಲಿ ಕಂಡುಬರುತ್ತದೆ. ಗರಗಸದ ಹೊರೆಯು ಪ್ರತಿ ಮರಕ್ಕೂ ಏರಿಳಿಯುವುದರಿಂದ ಈ ಉಪಾಯವು ಗರಗಸಕ್ಕೆ ತಕ್ಕದ್ದಲ್ಲ.

ಮೂರು ಫೇಸುಗಳೂ ಇದ್ದು ವೋಲ್ಟು ಕಡಿಮೆಯಾಗಿರುವುದೂ ಒಂದು ದೋಷವೇ. ಮೋಟಾರಿನ ಬಲವು ವೋಲ್ಟಿನ ವರ್ಗದಂತೆ ಕುಗ್ಗುತ್ತದೆ. ವೋಲ್ಟು ನೂರಕ್ಕೆ 80 ಆದರೆ ಹೊರಡುವ ಬಲವು ನೂರಕ್ಕೆ 64 ಮಾತ್ರ ಉಳಿಯುತ್ತದೆ. ಮೀಟರಿನಿಂದ ಕೊಟ್ಟಿಗೆಯು ದೂರವಿದ್ದು ಸಣ್ಣ ತಂತಿಯನ್ನು ಎಳೆದಿದ್ದರೆ, ಮೋಟಾರು ಹೊರಡುವ ಕ್ಷಣದಲ್ಲಿ ತಂತಿಯಲ್ಲಿಯೇ ವೋಲ್ಟು ಕರಗಿಹೋಗುತ್ತದೆ. ಆ ಕ್ಷಣದಲ್ಲಿ ಕೊಟ್ಟಿಗೆಯ ದೀಪವು ಬಹಳ ಮಂಕಾಗುವುದೇ ಇದರ ಗುರುತು. ಸಂಜೆಯ ಹೊತ್ತು ಹೊರಡದ ಮೋಟಾರು ಬೆಳಿಗ್ಗೆ ಸುಲಭವಾಗಿ ಹೊರಟರೆ ದೋಷವು ಮೋಟಾರಿನಲ್ಲಿಲ್ಲ, ವೋಲ್ಟಿನಲ್ಲಿದೆಯೆಂದು ತಿಳಿಯಬೇಕು.

ಎರಡನೆಯ ಶೋಧನೆ: ಯಂತ್ರವು ಬಿಗಿದಿದೆಯೇ

ಫ್ಯೂಸುಗಳನ್ನು ಕಳಚಿ ಜೇಬಿನಲ್ಲಿಟ್ಟುಕೊಂಡು ಬೆಲ್ಟನ್ನು ಬಿಚ್ಚಬೇಕು. ಮೊದಲು ಮೋಟಾರಿನ ಪುಲ್ಲಿಯನ್ನು, ಆಮೇಲೆ ಗರಗಸದ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಎರಡೂ ಸರಾಗವಾಗಿ ತಿರುಗಬೇಕು. ಗರಗಸವು ಬಿಗಿಯಾಗಿದ್ದರೆ ಬೇರಿಂಗಿನ ತುಕ್ಕು, ಒಣಗಿ ಗಟ್ಟಿಯಾದ ಗ್ರೀಸು, ಅಲಗಿಗೆ ಅಂಟಿದ ಮರದ ಮೇಣ, ಹಲಗೆಯ ಸೀಳಿನಲ್ಲಿ ಸಿಕ್ಕಿಕೊಂಡ ಚೂರು, ಇವುಗಳಲ್ಲೊಂದು ಕಾರಣವಾಗಿರುತ್ತದೆ. ಮೋಟಾರೇ ಬಿಗಿಯಾಗಿದ್ದರೆ ಅದರ ಬೇರಿಂಗನ್ನೂ, ಗಾಳಿಯ ಕಂಡಿಗಳನ್ನೂ ನೋಡಬೇಕು. ನಾಲ್ಕು ತಿಂಗಳು ನಿಂತ ಮೋಟಾರಿನ ಕಂಡಿಯಲ್ಲಿ ಕುಂಬಾರ ಹುಳುವು ಮಣ್ಣಿನ ಗೂಡು ಕಟ್ಟಿರುವುದೂ, ಇಲಿಯು ಸುರುಳಿಯ ಮೇಲಿನ ದಾರವನ್ನು ಕಡಿದಿರುವುದೂ, ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಹಲ್ಲಿ ಸತ್ತು ಎರಡು ಸ್ಪರ್ಶಗಳ ನಡುವೆ ಬಿದ್ದಿರುವುದೂ ಮಲೆನಾಡಿನಲ್ಲಿ ಹೊಸದಲ್ಲ.

ಎರಡೂ ಸರಾಗವಾಗಿದ್ದರೆ, ಮುಂದೆ ಹೇಳುವ ತೇವದ ಪರೀಕ್ಷೆಯೂ ಮುಗಿದ ಬಳಿಕ, ಬೆಲ್ಟಿಲ್ಲದೆ ಮೋಟಾರೊಂದನ್ನೇ ಓಡಿಸಿ ನೋಡಬೇಕು. ಬೆಲ್ಟಿಲ್ಲದೆ ಚೆನ್ನಾಗಿ ತಿರುಗಿ, ಬೆಲ್ಟು ಹಾಕಿದೊಡನೆ ನಿಂತರೆ ದೋಷವು ಯಂತ್ರದಲ್ಲಿದೆ ಅಥವಾ ವೋಲ್ಟಿನಲ್ಲಿದೆ. ಬೆಲ್ಟನ್ನು ವಿಪರೀತವಾಗಿ ಬಿಗಿದರೆ ಬೇರಿಂಗು ಸವೆಯುತ್ತದೆ. ಸಡಿಲವಾದರೆ ಜಾರಿ ಬಿಸಿಯಾಗಿ ವಾಸನೆ ಬರುತ್ತದೆ, ಇದನ್ನು ಮೋಟಾರಿನ ವಾಸನೆಯೆಂದು ತಪ್ಪಾಗಿ ಭಾವಿಸುವುದುಂಟು. ಇನ್ನು ಅಲಗಿನ ಹಲ್ಲು ಮೊಂಡಾಗಿದ್ದರೆ, ಅಥವಾ ಹಸಿಯಾದ ಸಿಲ್ವರ್ ಓಕಿನ ದಿಮ್ಮಿಯನ್ನು ಅವಸರದಿಂದ ನೂಕಿದರೆ, ಮೋಟಾರಿನ ಮೇಲೆ ಬೀಳುವ ಹೊರೆಯು ಹೆಚ್ಚುತ್ತದೆ. ಮೋಟಾರಿನ ದನಿ ಕುಗ್ಗಿದೊಡನೆ ಮರವನ್ನು ನೂಕುವುದನ್ನು ನಿಲ್ಲಿಸಬೇಕು. ಅಲಗನ್ನು ಅರದಿಂದ ಮಸೆಯಿಸುವ ವೆಚ್ಚವು ಸುರುಳಿ ಸುತ್ತಿಸುವ ವೆಚ್ಚದ ಮುಂದೆ ಏನೂ ಅಲ್ಲ.

ಮೂರನೆಯ ಶೋಧನೆ: ಸ್ಟಾರ್ಟರು ಮತ್ತು ಫ್ಯೂಸು

ಸ್ಟಾರ್ಟರಿಗೆ ಎರಡು ಕೆಲಸಗಳುಂಟು. ಮೋಟಾರು ಹೆಚ್ಚು ಕರೆಂಟು ಎಳೆದರೆ ಕಡಿದುಹಾಕುವುದು ಒಂದು. ವಿದ್ಯುತ್ತು ಹೋಗಿ ಮತ್ತೆ ಬಂದಾಗ ಯಂತ್ರವು ತಾನಾಗಿ ಹೊರಡದಂತೆ ತಡೆಯುವುದು ಇನ್ನೊಂದು. ಎರಡನೆಯ ಕೆಲಸವು ಗರಗಸಕ್ಕೆ ಬಹು ಮುಖ್ಯ. ವಿದ್ಯುತ್ತು ಹೋದಾಗ ಆಳು ಅಲಗಿನ ಬಳಿಯ ಚೂರುಗಳನ್ನು ಕೈಯಿಂದ ತೆಗೆಯುತ್ತಿರುತ್ತಾನೆ. ಆ ಕ್ಷಣದಲ್ಲಿಯೇ ವಿದ್ಯುತ್ತು ಬಂದು ಗರಗಸವು ತಿರುಗಿದರೆ ಬೆರಳುಗಳು ಉಳಿಯಲಾರವು. ಬರಿಯ ಹಿಡಿಯ ಸ್ವಿಚ್ಚಿನಿಂದ ನಡೆಯುವ ಹಳೆಯ ಗರಗಸಕ್ಕೆ ಈ ರಕ್ಷಣೆಯುಳ್ಳ ಸ್ಟಾರ್ಟರನ್ನು ಹಾಕಿಸದೆ ಕೆಲಸ ಮಾಡಿಸಕೂಡದು. ಸ್ಟಾರ್ಟರಿನ ಗುಂಡಿಗೆ ಮರದ ಬೆಣೆಯನ್ನು ಹೊಡೆದು ಒತ್ತಿ ಹಿಡಿಸುವುದು ಈ ರಕ್ಷಣೆಯನ್ನು ಕೈಯಾರೆ ಕಿತ್ತುಹಾಕಿದಂತೆ.

ಸ್ಪರ್ಶಗಳು ಕಪ್ಪಾಗಿದ್ದರೆ ಅಥವಾ ಒಂದು ಸವೆದಿದ್ದರೆ ಅಲ್ಲಿಯೇ ಒಂದು ಫೇಸು ತಪ್ಪುತ್ತದೆ, ಸವೆದವುಗಳನ್ನು ಬದಲಾಯಿಸಬೇಕು. ಹೆಚ್ಚಿನ ಹೊರೆಗೆ ಕಡಿಯುವ ಭಾಗವನ್ನು ಮೋಟಾರಿನ ಫಲಕದಲ್ಲಿರುವ ಆಂಪಿಯರಿಗೆ ಸರಿಯಾಗಿ ತಿರುಗಿಸಿಡಬೇಕು. ಪದೇ ಪದೇ ಕಡಿಯುತ್ತದೆಯೆಂದು ಮೇಲಕ್ಕೆ ತಿರುಗಿಸುವವರೂ, ಫ್ಯೂಸಿಗೆ ದಪ್ಪನಾದ ತಂತಿಯನ್ನು ಕಟ್ಟುವವರೂ ಕಾವಲುಗಾರನು ಕೂಗುತ್ತಾನೆಂದು ಅವನ ಬಾಯಿಗೆ ಬಟ್ಟೆ ತುರುಕಿದವರಂತೆಯೇ ಸರಿ.

ಒಂದೇ ಫೇಸಿನ ಸಣ್ಣ ಮೋಟಾರುಗಳು

ಒಂದು ಅಶ್ವಶಕ್ತಿಯ ಆಸುಪಾಸಿನ ಸಣ್ಣ ಮೋಟಾರುಗಳು ಸಾಮಾನ್ಯವಾಗಿ ಒಂದೇ ಫೇಸಿನಿಂದ ನಡೆಯುವವು. ಇವು ಹೊರಡುವುದಕ್ಕೆ ಬೇರೊಂದು ಸುರುಳಿಯೂ ಕಂಡೆನ್ಸರೂ ಬೇಕು. ಅನೇಕ ಮೋಟಾರುಗಳಲ್ಲಿ ವೇಗ ಹಿಡಿದ ಮೇಲೆ ಆ ಸುರುಳಿಯನ್ನು ಕಡಿಯುವ ಸ್ವಿಚ್ಚೊಂದು ಒಳಗೆ ಶಾಫ್ಟಿನ ಮೇಲಿರುತ್ತದೆ. ಮೋಟಾರು ಗುಂಯ್ಗುಡುತ್ತಾ ನಿಂತು, ಶಾಫ್ಟು ಸರಾಗವಾಗಿದ್ದು, ವೋಲ್ಟೂ ಸರಿಯಿದ್ದರೆ, ಕಂಡೆನ್ಸರು ಕೆಟ್ಟಿರುವುದು ಅಥವಾ ಒಳಗಿನ ಸ್ವಿಚ್ಚಿನ ಸ್ಪರ್ಶಗಳಲ್ಲಿ ಮರದ ಹುಡಿ ಸೇರಿರುವುದು ಹೆಚ್ಚಾಗಿ ಕಾರಣ. ಕಂಡೆನ್ಸರು ಉಬ್ಬಿದ್ದರೆ ಅಥವಾ ಎಣ್ಣೆ ಜಿನುಗಿದ್ದರೆ ಬದಲಾಯಿಸಬೇಕು. ಹೊಸದು ಹಳೆಯದರ ಅಳತೆಯದೇ ಆಗಿರಬೇಕು. ಸ್ವಿಚ್ಚು ತೆಗೆದ ಮೇಲೂ ಕಂಡೆನ್ಸರಿನಲ್ಲಿ ವಿದ್ಯುತ್ತು ನಿಂತಿರುತ್ತದೆ. ವೈರ್‌ಮನ್ನನು ಅದನ್ನು ದೀಪದ ಮೂಲಕ ಇಳಿಸಿದ ಹೊರತು ಮುಟ್ಟಕೂಡದು.

ನಾಲ್ಕನೆಯ ಶೋಧನೆ: ತೇವ

ಹೊರಗಿನ ಕಾರಣಗಳಾವುವೂ ಕಾಣದಿದ್ದರೆ ಮೋಟಾರಿನ ಒಳಕ್ಕೆ ಬರಬೇಕು. ಮಳೆಗಾಲದಲ್ಲಿ ನಿಂತ ಮೋಟಾರನ್ನಂತೂ, ಹೊರಗೆ ದೋಷವಿರಲಿ ಬಿಡಲಿ, ತೇವದ ಪರೀಕ್ಷೆ ಮಾಡಿಸದೆ ಓಡಿಸಕೂಡದು. ಹಳೆಯ ಮೋಟಾರುಗಳ ಸುರುಳಿಗಳನ್ನು ಹತ್ತಿಯ ದಾರ, ಕಾಗದ, ವಾರ್ನಿಷುಗಳಿಂದ ಕಟ್ಟಿರುತ್ತಾರೆ. ಇವು ಹೊಸ ಮೋಟಾರುಗಳ ಹೊದಿಕೆಗಿಂತ ಬೇಗ ತೇವವನ್ನು ಹೀರುತ್ತವೆ, ಕಡಿಮೆ ಶಾಖವನ್ನು ತಾಳುತ್ತವೆ.

ವೈರ್‌ಮನ್ನನು ಮೋಟಾರಿನ ತಂತಿಗಳನ್ನು ಬಿಡಿಸಿ, 500 ವೋಲ್ಟಿನ ಮೆಗ್ಗರಿನಿಂದ ಸುರುಳಿಗೂ ಮೋಟಾರಿನ ಮೈಗೂ ನಡುವಿನ ನಿರೋಧವನ್ನು ಅಳೆಯಬೇಕು. ಅದು ಒಂದು ಮೆಗಾಓಮಿಗಿಂತ ಕಡಿಮೆಯಿದ್ದರೆ ಮೋಟಾರಿಗೆ ವಿದ್ಯುತ್ತು ಕೊಡಕೂಡದು. ಕಡಿಮೆಯಿದ್ದ ಮಾತ್ರಕ್ಕೆ ಮೋಟಾರು ಕೆಟ್ಟಿತೆಂದು ತಿಳಿಯಲೂಕೂಡದು. ಅದು ಒಣಗಬೇಕು, ಅಷ್ಟೆ.

ಒಣಗಿಸುವ ಬಗೆಯು ಕಾಫಿಯ ಕಣವನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ಬೆಂಕಿಯ ಮೇಲೆ ಹಾಕಿ ಒಂದೇ ಗಂಟೆಯಲ್ಲಿ ಒಣಗಿಸುವುದಿಲ್ಲ. ಹದವಾದ ಶಾಖವೂ ಆಡುವ ಗಾಳಿಯೂ ಬೇಕು. ಮೋಟಾರಿಗೂ ಹಾಗೆಯೇ. ಎರಡು ಕಡೆಯ ಮುಚ್ಚಳಗಳನ್ನು ಬಿಚ್ಚಿ, ಒಳಗಿನ ಹುಡಿಯನ್ನು ಒಣ ಕುಂಚದಿಂದ ತೆಗೆದು, ಒಳ್ಳೆಯ ಬಿಸಿಲಿದ್ದರೆ ಬಿಸಿಲಿಗಿಡಬೇಕು. ಬಿಸಿಲಿಲ್ಲದಿದ್ದರೆ ಮರದ ಪೆಟ್ಟಿಗೆಯೊಳಗಿಟ್ಟು, 100 ವಾಟಿನ ಒಂದೆರಡು ತಂತಿ ದೀಪಗಳನ್ನು ಸುರುಳಿಗೂ ಮರಕ್ಕೂ ತಗಲದಂತೆ ಉರಿಸಿ, ತೇವದ ಗಾಳಿ ಹೊರಕ್ಕೆ ಹೋಗಲು ಮೇಲೆ ಕಂಡಿ ಬಿಡಬೇಕು. ಎಲ್‌ಇಡಿ ದೀಪವು ಬೆಳಕು ಕೊಡುತ್ತದೆಯೇ ಹೊರತು ಬೇಕಾದಷ್ಟು ಶಾಖ ಕೊಡುವುದಿಲ್ಲ. ಒಲೆಯ ಬೆಂಕಿಯ ಬಳಿ ಇಡುವುದು, ಕೆಂಡ ಸುರಿಯುವುದು ಹೊದಿಕೆಯನ್ನು ಕರಕು ಮಾಡುತ್ತದೆ.

ನಡುನಡುವೆ ದೀಪ ಆರಿಸಿ ಮೆಗ್ಗರಿನಿಂದ ನೋಡಬೇಕು. ಮೋಟಾರು ಬಿಸಿಯಾಗುತ್ತಿದ್ದಂತೆ ಅಳತೆಯು ಮೊದಲು ಇನ್ನೂ ಇಳಿಯುತ್ತದೆ. ಇದನ್ನು ಕಂಡು ಹೆದರಬೇಕಾದುದಿಲ್ಲ. ಆಮೇಲೆ ಏರತೊಡಗಿ ಕೊನೆಗೆ ಒಂದೇ ಸಮನಾಗಿ ನಿಲ್ಲುತ್ತದೆ. ಹೀಗೆ ನಿಂತ ಮೇಲೆಯೇ ಒಣಗಿತೆಂದು ಅರ್ಥ. ಇದಕ್ಕೆ ಒಂದೆರಡು ದಿನಗಳಾದರೂ ಆದಾವು. ಎಷ್ಟು ಒಣಗಿಸಿದರೂ ಏರದಿದ್ದರೆ ಹೊದಿಕೆಯೇ ಹರಿದಿದೆಯೆಂದು ತಿಳಿದು ಸುರುಳಿಯನ್ನು ಸುತ್ತಿಸಬೇಕು.

ದಿಕ್ಕು ಮತ್ತು ವೇಗ

ಮೋಟಾರನ್ನು ಬಿಚ್ಚಿ ಕಟ್ಟಿದ ಮೇಲೂ, ಲೈನ್‌ಮನ್ನರು ಕಂಬದ ಮೇಲೆ ತಂತಿಗಳನ್ನು ಸರಿಮಾಡಿದ ಮೇಲೂ ಮೂರು ಫೇಸಿನ ಮೋಟಾರು ಹಿಂದುಮುಂದಾಗಿ ತಿರುಗುವುದುಂಟು. ಪಂಪಿನಲ್ಲಿ ಇದರಿಂದ ನೀರು ಸರಿಯಾಗಿ ಬಾರದೆ ಹೋದೀತು, ಗರಗಸದಲ್ಲಿ ಪ್ರಾಣಾಪಾಯ. ಅಲಗನ್ನು ಹಿಡಿದಿರುವ ನಟ್ಟಿನ ಮರೆಯು ಸರಿಯಾದ ದಿಕ್ಕಿನಲ್ಲಿ ತಿರುಗಿದಾಗ ಬಿಗಿಯುವಂತೆ ಕೊರೆದದ್ದು. ತಿರುಗುಮುರುಗಾದರೆ ನಟ್ಟು ಸಡಿಲವಾಗಿ ಅಲಗು ಕಳಚಿ ಬರಬಹುದು. ಆದಕಾರಣ ಇಂತಹ ಸಂದರ್ಭಗಳಲ್ಲೆಲ್ಲಾ ಬೆಲ್ಟು ಬಿಚ್ಚಿ ಒಂದು ಕ್ಷಣ ಮಾತ್ರ ಸ್ವಿಚ್ಚು ಹಾಕಿ ದಿಕ್ಕನ್ನು ನೋಡಬೇಕು. ತಪ್ಪಿದ್ದರೆ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿಸಿದರೆ ಸರಿಹೋಗುತ್ತದೆ. ಸರಿಯಾದ ದಿಕ್ಕಿನ ಬಾಣವನ್ನು ಪುಲ್ಲಿಯ ಕಾವಲಿನ ಮೇಲೆ ಬಣ್ಣದಲ್ಲಿ ಬರೆಯಿಸಿಡುವುದು ಒಳ್ಳೆಯದು.

ವೇಗದ ವಿಷಯದಲ್ಲಿ ಹಳೆಯ ಯಂತ್ರದವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ನಿಮಿಷಕ್ಕೆ 720 ಸುತ್ತು ತಿರುಗುವ ಹಳೆಯ ಮೋಟಾರಿನಲ್ಲಿ 12 ಅಂಗುಲದ ಪುಲ್ಲಿಯೂ ಗರಗಸದಲ್ಲಿ 4 ಅಂಗುಲದ ಪುಲ್ಲಿಯೂ ಇದ್ದರೆ ಅಲಗು 2160 ಸುತ್ತು ತಿರುಗುತ್ತದೆ. ಆ ಮೋಟಾರು ಸುಟ್ಟಿತೆಂದು 1440 ಸುತ್ತಿನ ಹೊಸ ಮೋಟಾರನ್ನು ತಂದು ಅದೇ ಪುಲ್ಲಿಯನ್ನು ಹಾಕಿದರೆ ಅಲಗು 4320 ಸುತ್ತು ತಿರುಗುತ್ತದೆ. ಅಲಗು ಸೀಳುವುದಕ್ಕೂ ಹೊಸ ಮೋಟಾರು ಹೊರೆ ತಾಳದೆ ಸುಡುವುದಕ್ಕೂ ಇದೇ ಸಾಕು. ಇಂತಹಲ್ಲಿ 6 ಅಂಗುಲದ ಪುಲ್ಲಿಯನ್ನು ಹಾಕಬೇಕು. ಫಲಕದ ಮೇಲೆ 25 ಆವರ್ತವೆಂದು ಕಂಡರೆ ಆ ಮೋಟಾರನ್ನು ಈಗಿನ ವಿದ್ಯುತ್ತಿಗೆ ಸೇರಿಸಕೂಡದು. ಅದರ ವೇಗವು ಇಮ್ಮಡಿಯಾಗುತ್ತದೆ, ಬಲವು ತೀರ ಕುಗ್ಗುತ್ತದೆ.

ಸುಟ್ಟ ಮೋಟಾರು

ಇಷ್ಟು ಎಚ್ಚರವಿದ್ದೂ ಮೋಟಾರು ಸುಟ್ಟರೆ, ಸುತ್ತಿಸುವುದಕ್ಕೆ ಮೊದಲು ಏತಕ್ಕೆ ಸುಟ್ಟಿತೆಂಬುದನ್ನು ತಿಳಿಯಬೇಕು. ಸುರುಳಿಯೇ ಅದನ್ನು ಹೇಳುತ್ತದೆ. ಮುಚ್ಚಳ ಬಿಚ್ಚಿದಾಗ ಮೂರು ಗುಂಪಿನ ಸುರುಳಿಗಳೂ ಒಂದೇ ಸಮನಾಗಿ ಕಪ್ಪಾಗಿದ್ದರೆ ಹೆಚ್ಚಿನ ಹೊರೆ, ಕಡಿಮೆ ವೋಲ್ಟು ಅಥವಾ ಬಿಗಿದ ಯಂತ್ರ ಕಾರಣ. ಕೆಲವು ಗುಂಪುಗಳು ಕಪ್ಪಾಗಿ ಉಳಿದವು ಹೊಸದರಂತೆ ಶುಭ್ರವಾಗಿದ್ದರೆ ಒಂದು ಫೇಸು ತಪ್ಪಿದ್ದೇ ಕಾರಣ: ಸ್ಟಾರ್ ಜೋಡಣೆಯಲ್ಲಿ ಮೂರರಲ್ಲಿ ಎರಡು ಗುಂಪುಗಳೂ ಡೆಲ್ಟಾ ಜೋಡಣೆಯಲ್ಲಿ ಒಂದು ಗುಂಪೂ ಸುಡುತ್ತವೆ. ಒಂದೇ ಜಾಗದಲ್ಲಿ ಚುಕ್ಕೆಯಂತೆ ಸುಟ್ಟಿದ್ದರೆ ತೇವ, ಇಲಿಯ ಹಲ್ಲು ಅಥವಾ ಸಿಡಿಲಿನಿಂದ ಹೊದಿಕೆ ಹರಿದಿರಬಹುದು. ಮೋಟಾರನ್ನು ಒಯ್ಯುವವರು ಬಿಚ್ಚುವಾಗ ಹತ್ತಿರ ನಿಂತು ನೋಡಿ ಬರೆದುಕೊಂಡು ಬರಬೇಕು. ಕಾರಣವನ್ನು ಹಾಗೆಯೇ ಬಿಟ್ಟು ಸುತ್ತಿಸಿದ ಮೋಟಾರು ಅದೇ ಕಾರಣದಿಂದ ಮತ್ತೆ ಸುಡುತ್ತದೆ. ಹೊಸ ಸುರುಳಿಯ ತಂತಿಯ ದಪ್ಪವೂ ಸುತ್ತುಗಳ ಸಂಖ್ಯೆಯೂ ಮೊದಲಿನಂತೆಯೇ ಇರಬೇಕೆಂದು ಕೇಳಿ, ತಂದ ಮೇಲೆ ಮೆಗ್ಗರಿನಿಂದ ಪರೀಕ್ಷಿಸಿ ತೆಗೆದುಕೊಳ್ಳಬೇಕು.

ಮಳೆಗಾಲದ ರಕ್ಷಣೆ

ಮಲೆನಾಡಿನ ಹಿರಿಯರು ಮಳೆಗಾಲದಲ್ಲಿ ಕೆಡಬಾರದ ಪದಾರ್ಥಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಕಾಪಾಡುತ್ತಿದ್ದರು. ಮೋಟಾರಿಗೂ ಇಂತಹದೊಂದು ಅಟ್ಟವು ಬೇಕು. ಮೃಗಶಿರೆಗೆ ಮುಂಚೆ ಹುಡಿಯನ್ನು ತೆಗೆದು, ಬೇರಿಂಗಿಗೆ ಮಿತವಾಗಿ ಗ್ರೀಸು ತುಂಬಿ, ಗಾಳಿಯ ಕಂಡಿಗಳಿಗೆ ಇಲಿ ನುಗ್ಗದಂತೆ ಸಣ್ಣ ಜಾಲರಿಯ ಕಾಪು ಮಾಡಬೇಕು. ಸಣ್ಣ ಮೋಟಾರನ್ನು ಬಿಚ್ಚಿ ಮನೆಯ ಒಣ ಕೋಣೆಯಲ್ಲಿಡಬಹುದು. ಬಿಚ್ಚಲಾಗದ ದೊಡ್ಡ ಮೋಟಾರಿಗೆ ಮರದ ಗೂಡು ಹೊದಿಸಿ, ಒಳಗೆ ಮೋಟಾರಿಗೂ ಮರಕ್ಕೂ ತಗಲದಂತೆ 40 ವಾಟಿನ ತಂತಿ ದೀಪವನ್ನು ಉರಿಸಿಡಬೇಕು. ಗೂಡಿನೊಳಗೆ ಹೊಟ್ಟಿರಕೂಡದು, ಬಿಸಿಯ ದೀಪಕ್ಕೆ ಹೊಟ್ಟು ತಗಲಿದರೆ ಬೆಂಕಿ ಹತ್ತೀತು. ತಾಡಪಾಲನ್ನು ಬಿಗಿಯಾಗಿ ಸುತ್ತಿ ಕಟ್ಟುವುದು ಒಳ್ಳೆಯದಲ್ಲ. ಅದು ಮಳೆಯನ್ನು ಹೊರಗಿಡುವಂತೆಯೇ ತೇವವನ್ನು ಒಳಗಿಡುತ್ತದೆ.

ಊರಿನ ಮುಖಂಡರು ಮಾಡಬಹುದಾದುದು

ಸಣ್ಣ ಹಿಡುವಳಿದಾರರು ಒಬ್ಬೊಬ್ಬರೇ ಮೆಗ್ಗರನ್ನು ಕೊಳ್ಳಲಾರರು. ಊರಿಗೊಂದು ಮೆಗ್ಗರನ್ನು ಕೂಡಿ ಕೊಂಡು, ನಂಬಿಕೆಯ ವೈರ್‌ಮನ್ನನೊಬ್ಬನು ಸ್ವಾತಿ ಮಳೆ ಕಳೆದೊಡನೆ ಎಲ್ಲರ ಮೋಟಾರುಗಳನ್ನೂ ನೋಡಿಬರುವಂತೆ ಏರ್ಪಾಡು ಮಾಡಿದರೆ ಕೊಯ್ಲಿನ ದಿನ ಪಲ್ಪರು ನಿಲ್ಲುವ ಭಯ ಬಹಳ ಕಡಿಮೆಯಾಗುತ್ತದೆ. ತಂತಿಯ ಮೇಲೆ ವಾಲಿರುವ ಮರಗಳನ್ನು ಗುರುತಿಸಿ ಮಳೆಗೆ ಮುಂಚೆಯೇ ವಿದ್ಯುತ್ ಕಂಪನಿಗೆ ಬರೆದು ತಿಳಿಸುವುದೂ ಮುಖಂಡರಿಂದ ಆಗಬಹುದಾದ ಉಪಕಾರ.

ಸಾರಾಂಶ

1. ಗುಂಯ್ಗುಟ್ಟಿ ತಿರುಗದ ಮೋಟಾರಿನ ಸ್ವಿಚ್ಚನ್ನು ಕೂಡಲೇ ತೆಗೆಯಬೇಕು; ಕಾರಣ ತಿಳಿಯದೆ ಮತ್ತೆ ಹಾಕಕೂಡದು.
2. ಫ್ಯೂಸಿನ ಹಿಡಿಗಳನ್ನು ಕಳಚಿ ಜೇಬಿನಲ್ಲಿಟ್ಟುಕೊಳ್ಳದೆ ಯಂತ್ರವನ್ನು ಮುಟ್ಟಕೂಡದು.
3. ಮೊದಲು ಮೂರು ಫೇಸು ಮತ್ತು ವೋಲ್ಟು, ಎರಡನೆಯದಾಗಿ ಬೆಲ್ಟು ಮತ್ತು ಯಂತ್ರ, ಮೂರನೆಯದಾಗಿ ಸ್ಟಾರ್ಟರು, ಕೊನೆಗೆ ಮೋಟಾರಿನ ಒಳಭಾಗ. ಈ ಕ್ರಮವನ್ನು ಬಿಡಕೂಡದು.
4. ಮಳೆಗಾಲದಲ್ಲಿ ನಿಂತ ಮೋಟಾರನ್ನು ಮೆಗ್ಗರಿನಿಂದ ನೋಡಿ, ತೇವವಿದ್ದರೆ ಒಣಗಿಸಿಯೇ ಓಡಿಸಬೇಕು.
5. ತಂತಿ ಬಿಚ್ಚಿ ಕಟ್ಟಿದಾಗಲೆಲ್ಲಾ ಬೆಲ್ಟಿಲ್ಲದೆ ದಿಕ್ಕನ್ನು ನೋಡಬೇಕು. ಮೋಟಾರನ್ನು ಬದಲಾಯಿಸಿದಾಗಲೆಲ್ಲಾ ಪುಲ್ಲಿಯ ಲೆಕ್ಕ ಮಾಡಬೇಕು.
6. ಫ್ಯೂಸಿಗೆ ದಪ್ಪ ತಂತಿಯನ್ನೂ ಸ್ಟಾರ್ಟರಿಗೆ ಬೆಣೆಯನ್ನೂ ಎಂದಿಗೂ ಹಾಕಕೂಡದು.
7. ಸುಟ್ಟ ಮೋಟಾರನ್ನು ಸುಟ್ಟ ಕಾರಣ ತಿಳಿದ ಮೇಲೆಯೇ ಸುತ್ತಿಸಬೇಕು.